ಹಟ್ಟಿಯ ನೆಲ

ಹಿರಿಯಡಕ ದಾಟಿ ಹೆಬ್ರಿಯ ಕಡೆಗೆ ಸಾಗುವ ರಸ್ತೆ ಪೆರ್ಡೂರಿಗೆ ಬರುವ ಹೊತ್ತಿಗೆ ತುಳುವರ ಆಟಿ ತಿಂಗಳ ಮಳೆ ಪೂರ್ತಿ ಹಿಡಿದುಕೊಂಡಿರುತ್ತದೆ. ಅನಂತಪದ್ಮನಾಭ ದೇವಸ್ಥಾನದ ಎದುರು ಬಾಳೆಹಣ್ಣು ಮಾರುವವರು ಟಾರ್ಪಾಲನ್ನು ಇನ್ನೂ ಎತ್ತಿಲ್ಲ. ಹೊಸದಾಗಿ ಮದುವೆಯಾದವರು ಜೋಡಿಯಾಗಿ ಬರುವ ಸಿಂಹ ಸಂಕ್ರಮಣಕ್ಕೆ ಇನ್ನೂ ದಿನವಿದೆ. ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚಿಟ್ಟ ತಿಂಗಳುಗಳು ಇವು. ಬೆಳಗಿನ ಆರು ಗಂಟೆಗೆ ರಸ್ತೆಯಲ್ಲಿ ಓಡಾಡುವವರೆಂದರೆ ಹಾಲಿನವರು ಮಾತ್ರ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಸ್ಟೀಲ್ ಕ್ಯಾನು. ಸ್ಕೂಟರಿನ ಮುಂದೆ ಕ್ಯಾನನ್ನು ಕಾಲುಗಳ ನಡುವೆ ಹಿಡಿದು ಬರುವ ಹುಡುಗರು. ಹಾಲಿನ ಸೊಸೈಟಿಯ ಜಗಲಿಯಲ್ಲಿ ಒದ್ದೆ ಚಪ್ಪಲಿಗಳ ಸಾಲು.

ಆ ಕ್ಯಾನುಗಳು ಹೊರಟದ್ದು ಹಟ್ಟಿಯಿಂದ, ಅಂದರೆ ದನದ ಕೊಟ್ಟಿಗೆಯಿಂದ. ನನ್ನ ಕಣ್ಣು ನಿಂತದ್ದೂ ಹಟ್ಟಿಯಲ್ಲೇ, ಅದರಲ್ಲೂ ಅದರ ನೆಲದ ಮೇಲೆ.

ಈ ಸೀಮೆಯ ಹಳೆಯ ಹಟ್ಟಿಗೆ ನೆಲವೆಂದರೆ ಸೊಪ್ಪು. ಮಳೆಗಾಲದಲ್ಲಿ ಹಾಡಿಯಿಂದ, ಅಂದರೆ ಮನೆಯ ಬಳಿಯ ಕಿರುಗಾಡಿನಿಂದ, ಕಡಿದು ತಂದ ಹಸಿ ಸೊಪ್ಪು, ಬೇಸಿಗೆಯಲ್ಲಿ ಗುಡಿಸಿ ತಂದ ತರಗೆಲೆ. ಮರುವ, ಬೋಗಿ, ನೇರಳೆ, ಕಾಟುಮಾವು, ಕುಂಟಲ, ಹೀಗೆ ಕೈಗೆ ಸಿಕ್ಕ ಎಲೆಯೆಲ್ಲ ದನದ ಕಾಲಡಿಗೆ ಬೀಳುತ್ತಿತ್ತು. ಗಂಜಳ ಅದರೊಳಗೆ ಇಂಗುತ್ತಿತ್ತು, ಸೆಗಣಿ ಅದಕ್ಕೆ ಅಂಟುತ್ತಿತ್ತು, ಮರುದಿನ ಅದರ ಮೇಲೆ ಮತ್ತೊಂದು ಹೊರೆ ಸೊಪ್ಪು. ದನ ಮಲಗುತ್ತಿದ್ದುದು ಆ ಹೊಸ ಹಾಸಿನ ಮೇಲೆ. ತಿಂಗಳುಗಟ್ಟಲೆ ತುಳಿದು ದಪ್ಪಗಾದ ಅಡಿಯ ಪದರವನ್ನು ಅಗೆದು ತೆಗೆದು ಗದ್ದೆಗೂ ತೋಟಕ್ಕೂ ಹೊರುತ್ತಿದ್ದರು. ಹಾಡಿಯ ಎಲೆ ಹಟ್ಟಿಗೆ, ಹಟ್ಟಿಯ ಗೊಬ್ಬರ ಗದ್ದೆಗೆ, ಗದ್ದೆಯ ಬೈಹುಲ್ಲು ಮತ್ತೆ ಹಟ್ಟಿಗೆ. ಇದಕ್ಕೆ ಕಾನೂನಿನ ಆಸರೆಯೂ ಇತ್ತು. ಹಳೆಯ ವರ್ಗ ಜಾಗದ, ಅಂದರೆ ಕಂದಾಯ ಕಟ್ಟುವ ಕೃಷಿ ಜಾಗದ, ಅಂಚಿನಿಂದ ನೂರು ಗಜದವರೆಗಿನ ಸರ್ಕಾರಿ ನೆಲ ಕುಮ್ಕಿ. ಅಲ್ಲಿ ಸೊಪ್ಪು ಕಡಿಯಲು, ದನ ಮೇಯಿಸಲು, ಕಟ್ಟಿಗೆ ಆರಿಸಲು ವರ್ಗದಾರನಿಗೆ ಹಕ್ಕು. ತುಳುನಾಡಿನ ಕೃಷಿ ನಿಂತದ್ದು ಈ ನೂರು ಗಜದ ಹಸಿರಿನ ಮೇಲೆ ಎಂದರೆ ಹೆಚ್ಚಾಗದು.

ಈಗ ಪೆರ್ಡೂರಿನ ಸುತ್ತಿನ ಗುಡ್ಡಗಳನ್ನು ನೋಡಬೇಕು. ಹಸಿರೇನೂ ಕಡಿಮೆಯಾಗಿಲ್ಲ. ಆದರೆ ಒಂದು ಗುಡ್ಡದಲ್ಲಿ ರಬ್ಬರ್ ಸಾಲು ಹಿಡಿದು ನಿಂತಿದೆ, ಬುಡಬುಡಕ್ಕೂ ಪ್ಲಾಸ್ಟಿಕ್ ಲಂಗ, ಅದರಡಿ ಹಾಲು ತೊಟ್ಟಿಕ್ಕುವ ಚಿಪ್ಪು. ಇನ್ನೊಂದರಲ್ಲಿ ಅಕೇಶಿಯಾ, ಅಡಿಯಲ್ಲಿ ಕುಡುಗೋಲಿನಂತೆ ಬಾಗಿದ ಒಣ ಎಲೆಗಳ ರಾಶಿ. ಭಾರತೀಯ ಅರಣ್ಯ ಸರ್ವೇಕ್ಷಣ ಇಲಾಖೆ ಒಂದು ಹೆಕ್ಟೇರಿಗಿಂತ ದೊಡ್ಡ ಜಾಗದಲ್ಲಿ ಶೇ. 10ರಷ್ಟು ಮರದ ನೆರಳಿದ್ದರೆ ಅದನ್ನು ಅರಣ್ಯ ಹೊದಿಕೆಯ ಲೆಕ್ಕಕ್ಕೆ ಸೇರಿಸುತ್ತದೆ. ಮರ ಯಾವುದು, ಜಾಗ ಯಾರದು ಎಂದು ಕೇಳುವುದಿಲ್ಲ. ಪಾಂಡಿಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟ್ 1980ರ ದಶಕದಲ್ಲಿ ಹೊರತಂದ ಪಶ್ಚಿಮಘಟ್ಟದ ಕಾಡಿನ ನಕ್ಷೆಗಳು ಇಂದಿಗೂ ಬೆಲೆಯುಳ್ಳವು, ಆದರೆ ಅವುಗಳಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಎರಡೂವರೆ ಕಿಲೋಮೀಟರ್. ಘಟ್ಟದ ದಕ್ಷಿಣ ಭಾಗದಲ್ಲಿ 1973ರಿಂದ 1995ರ ನಡುವೆ ಕಾಲುಭಾಗದಷ್ಟು ಕಾಡು ಹೋಯಿತೆಂದು ಉಪಗ್ರಹ ಚಿತ್ರಗಳನ್ನು ಹೋಲಿಸಿದ ಸಂಶೋಧಕರು 2000ದಲ್ಲಿ ಬರೆದರು. ಇವೆಲ್ಲ ದೊಡ್ಡ ಕಾಡಿನ ಲೆಕ್ಕ. ಮನೆಯ ಹಿಂದಿನ ಎರಡೆಕರೆ ಹಾಡಿ ಯಾವ ನಕ್ಷೆಯಲ್ಲೂ ಕಾಣಲಿಲ್ಲ, ಹೋದದ್ದೂ ಕಾಣಲಿಲ್ಲ. ಅದು ಹೋದದ್ದು ಗೊತ್ತಾದದ್ದು ಹಟ್ಟಿಗೆ.

“ಸೊಪ್ಪು ತರ್ಲಿಕ್ಕೆ ಜನ ಇಲ್ಲ, ಜನ ಸಿಕ್ಕಿದ್ರೂ ಹಾಡಿ ಎಲ್ಲಿದೆ ಮಾರಾಯ್ರೆ?” ಎನ್ನುತ್ತಾರೆ ಇಲ್ಲಿ ದನ ಸಾಕುವ ಹೆಂಗಸರು. ಅಕೇಶಿಯಾದ ಎಲೆ ಕರಗುವುದು ನಿಧಾನ, ಅದು ಗಂಜಳ ಹೀರುವುದಿಲ್ಲ ಎಂಬುದು ಅವರ ದೂರು. ಹಾಗಾಗಿ ಸಿಮೆಂಟು ನೆಲ ಬಂತು, ಅದರ ಮೇಲೆ ಕಪ್ಪು ರಬ್ಬರ್ ಮ್ಯಾಟು, ಮೂಲೆಯಲ್ಲಿ ಪೈಪು. ದಿನಕ್ಕೆ ಎರಡು ಹೊತ್ತು ತೊಳೆಯಬೇಕು. ಬಿಸಿಲಿದ್ದರೆ ಒಣಗುತ್ತದೆ. ಆಟಿಯಲ್ಲಿ ಒಣಗುವುದು ಯಾವುದು? ಮ್ಯಾಟಿನ ಗೆರೆಗಳಲ್ಲಿ ನೀರು ನಿಲ್ಲುತ್ತದೆ, ದನ ಅದರಲ್ಲೇ ಮಲಗುತ್ತದೆ, ಒದ್ದೆ ಕೆಚ್ಚಲು ಸೆಗಣಿನೀರಿಗೆ ತಾಗುತ್ತದೆ. ಕೆಚ್ಚಲು ಬಾವು ಹೆಚ್ಚುವುದು ಇದೇ ಕಾಲದಲ್ಲಿ.

ಹಳೆಯದೆಲ್ಲ ಶುದ್ಧವಾಗಿತ್ತು ಎಂದು ನಾನು ಹೇಳಲಾರೆ. ಸೊಪ್ಪಿನ ಹಾಸಿನಲ್ಲೂ ಕೋಟ್ಯಂತರ ಬ್ಯಾಕ್ಟೀರಿಯಾ ಇದ್ದವು. ದಿನವೂ ಹೊಸ ಸೊಪ್ಪು ಬೀಳದ ಹಟ್ಟಿ ಸಿಮೆಂಟಿಗಿಂತ ಕೆಟ್ಟದು. ಕಾಡು ಕಡಿದ ಕೂಡಲೇ ಹಾಲು ಕೆಡುತ್ತದೆ ಎಂಬ ನೇರ ಗೆರೆಯೂ ಇಲ್ಲ. ಆದರೆ ಮಣ್ಣಿನ ಜೀವಿಗಳ ಮಟ್ಟಿಗೆ ಒಂದು ಸಂಗತಿ ತಿಳಿದಿದೆ. ಬ್ರೆಜಿಲಿನ ರೊಂಡೋನಿಯಾದಲ್ಲಿ ಅಮೆಜಾನ್ ಕಾಡನ್ನು ಕಡಿದು ಹುಲ್ಲುಗಾವಲು ಮಾಡಿದ ಜಾಗದ ಮಣ್ಣನ್ನು ಪರೀಕ್ಷಿಸಿದವರು 2013ರಲ್ಲಿ ತಮ್ಮ ಫಲಿತಾಂಶ ಪ್ರಕಟಿಸಿದರು. ಹಿಡಿ ಮಣ್ಣಿನಲ್ಲಿ ಬ್ಯಾಕ್ಟೀರಿಯಾ ಬಗೆಗಳು ಕಡಿಮೆಯಾಗಿರಲಿಲ್ಲ, ಹೆಚ್ಚೇ ಆಗಿದ್ದವು. ಆದರೆ ಎಲ್ಲಿ ಅಗೆದರೂ ಹೆಚ್ಚುಕಡಿಮೆ ಅವವೇ. ಕಾಡಿನಲ್ಲಿ ಜಾಗಜಾಗಕ್ಕೆ ಬೇರೆಯಾಗಿದ್ದ ಬಗೆಗಳು ಅಳಿದಿದ್ದವು. ಹಾಡಿ ಹೋಗಿ ರಬ್ಬರ್ ಬಂದ ನಮ್ಮ ಗುಡ್ಡದ ಮಣ್ಣಿನಲ್ಲಿ, ಅದರ ಪಕ್ಕದ ಹಟ್ಟಿಯಲ್ಲಿ ಇದೇ ಆಗಿದೆಯೇ ಎಂದು ಕೇಳುವುದು ನ್ಯಾಯವೇ.

ಹಾಲಿನೊಳಗಿನ ಜೀವಿಗಳನ್ನು ಕಣ್ಣಿಗೆ ಕಾಣಿಸುವ ಒಂದು ಸರಳ ಪರೀಕ್ಷೆ ಡೈರಿಗಳಲ್ಲಿದೆ, ನೋಡಲು ಬಲು ಚಂದ. ಹತ್ತು ಮಿಲಿಲೀಟರ್ ಹಾಲಿಗೆ ಒಂದು ಮಿಲಿಲೀಟರ್ ಮೆಥಿಲೀನ್ ಬ್ಲೂ ಬಣ್ಣ ಹಾಕಿ, ಕೊಳವೆಯ ಬಾಯಿ ಮುಚ್ಚಿ, ಮೈಬಿಸಿಯಷ್ಟು ಬೆಚ್ಚನೆಯ ನೀರಿನಲ್ಲಿ ಇಡುತ್ತಾರೆ. ಸಾಲಾಗಿ ನಿಂತ ಕೊಳವೆಗಳೆಲ್ಲ ತಿಳಿನೀಲಿ. ಬ್ಯಾಕ್ಟೀರಿಯಾ ಹಾಲಿನ ಆಮ್ಲಜನಕವನ್ನು ಮುಗಿಸುತ್ತ ಬಂದಂತೆ ನೀಲಿ ಮಾಸಿ ಹಾಲು ಮತ್ತೆ ಬೆಳ್ಳಗಾಗುತ್ತದೆ. ಐದು ಗಂಟೆ ನೀಲಿ ನಿಂತರೆ ಅದು ಉತ್ತಮ ಹಾಲು. ಅರ್ಧ ಗಂಟೆಯಲ್ಲೇ ಬಿಳಿಚಿಕೊಂಡರೆ ಕೆಟ್ಟದ್ದು. ದುಬಾರಿ ಯಂತ್ರವಿಲ್ಲದೆ ಹಟ್ಟಿಯ ಸುದ್ದಿ ಹೇಳುವ ಪರೀಕ್ಷೆ ಇದು.

ಈ ಸುದ್ದಿ ಇಷ್ಟು ಮುಖ್ಯ ಏಕೆಂದರೆ ಹಾಲು ಈಗ ಹಾಲಾಗಿಯೇ ಉಳಿಯುವುದಿಲ್ಲ. 1974ರಲ್ಲಿ ಮಣಿಪಾಲದಲ್ಲಿ ಕೆನರಾ ಮಿಲ್ಕ್ ಯೂನಿಯನ್ ಹುಟ್ಟಿದಾಗ ಪೇಟೆಗೆ ಬೇಕಿದ್ದುದು ಕಾಫಿಗೆ ಹಾಲು, ಊಟಕ್ಕೆ ಮಜ್ಜಿಗೆ. 1986ರಿಂದ ದಕ್ಷಿಣ ಕನ್ನಡ ಹಾಲು ಒಕ್ಕೂಟ ಈಗಿನ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳ ಹಾಲನ್ನು ಒಟ್ಟುಮಾಡುತ್ತಿದೆ. ನಮ್ಮ ಮನೆಗಳಲ್ಲಿ ಹಾಲನ್ನು ಕುದಿಸದೆ ಮುಟ್ಟುವವರಿಲ್ಲ. ಕರು ಹಾಕಿದ ದನದ ಮೊದಲ ಹಾಲಿಗೆ ಬೆಲ್ಲ, ಏಲಕ್ಕಿ ಸೇರಿಸಿ ಹಬೆಯಲ್ಲಿ ಬೇಯಿಸುವ ಗಿಣ್ಣೇ ನಮ್ಮ ಊರಿನ ಚೀಸ್ ಎನ್ನಬೇಕು. ಅದೂ ಬಿಸಿಗೇ ಗಟ್ಟಿಯಾಗುವಂಥದ್ದು. ಆದರೆ ಬೆಂಗಳೂರಿನಲ್ಲಿ ಬೆನೆಡಿಕ್ಟೈನ್ ಸನ್ಯಾಸಿಗಳ ವಲ್ಲೊಂಬ್ರೊಸಾ ಮಠ ಇಟಲಿಯ ಬಗೆಯ ತಾಜಾ ಚೀಸ್ ಮಾಡಿ ಹೆಸರಾಗಿದೆ, ಅಂಥ ಕೈಕೆಲಸದ ಚೀಸ್ ಕರ್ನಾಟಕದಲ್ಲಿ ಬೆಳೆಯುತ್ತಿದೆ. ಮಣಿಪಾಲದಂಥ ಊರು ಹತ್ತಿರವಿರುವಾಗ ಇಲ್ಲಿನ ಹಾಲಿಗೂ ಆ ದಾರಿ ತೆರೆಯಲಿ ಎಂದೇ ನನ್ನ ಆಸೆ.

ಚೀಸ್ ಮಾತ್ರ ಹಟ್ಟಿಯ ತಪ್ಪನ್ನು ಮುಚ್ಚಿಡುವುದಿಲ್ಲ. ಸುಮಾರು ಹತ್ತು ಲೀಟರ್ ಹಾಲು ಒಂದು ಕಿಲೋ ಗಟ್ಟಿ ಚೀಸ್ ಆಗುವಾಗ ಬ್ಯಾಕ್ಟೀರಿಯಾದ ಬಹುಪಾಲು ಆ ಗಟ್ಟಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಸೆಗಣಿಯಿಂದ ಬಂದ ಕೋಲಿಫಾರ್ಮ್‌ಗಳು ಒಂದೆರಡು ದಿನದಲ್ಲೇ ಚೀಸಿನೊಳಗೆ ಗಾಳಿಗುಳ್ಳೆ ಎಬ್ಬಿಸುತ್ತವೆ. ಮಣ್ಣಿನಲ್ಲೂ ಕೆಟ್ಟ ರಸಮೇವಿನಲ್ಲೂ (ಸೈಲೇಜ್) ಇರುವ ಕ್ಲಾಸ್ಟ್ರೀಡಿಯಂ ಬೀಜಕಗಳು ಪಾಶ್ಚರೀಕರಣದ ಬಿಸಿಗೂ ಸಾಯದೆ, ವಾರಗಳ ನಂತರ ಇಡೀ ಚೀಸನ್ನೇ ಸೀಳಿಬಿಡುತ್ತವೆ. ಇಟಲಿಯ ಪಾರ್ಮಿಜಾನೊ ರೆಜ್ಜಾನೊ ಚೀಸಿಗೆ ಹಾಲು ಕೊಡುವ ದನಕ್ಕೆ ರಸಮೇವು ತಿನ್ನಿಸುವುದನ್ನೇ ನಿಷೇಧಿಸಿದ್ದಾರೆ. ಅಲ್ಲಿ ಚೀಸ್ ಮಾಡುವವನ ಕಣ್ಣು ದನದ ಬಾಯಿಯ ಮೇಲೂ ಇರುತ್ತದೆ. ಲಿಸ್ಟೀರಿಯಾ ಇನ್ನೂ ಕ್ರೂರ, ಫ್ರಿಜ್ಜಿನ ತಂಪಿನಲ್ಲೂ ಬೆಳೆಯುವ ಜೀವಿ. 1985ರಲ್ಲಿ ಕ್ಯಾಲಿಫೋರ್ನಿಯಾದ ಲಾಸ್ ಏಂಜಲೀಸ್ ಸೀಮೆಯಲ್ಲಿ ಮೆಕ್ಸಿಕನ್ ಬಗೆಯ ಮೆದು ಚೀಸ್ ತಿಂದು 142 ಮಂದಿಗೆ ಕಾಯಿಲೆಯಾಗಿ 48 ಜೀವಗಳು ಹೋದವು. ಅವುಗಳಲ್ಲಿ ಹೆಚ್ಚಿನವು ಹುಟ್ಟಲಿದ್ದ, ಆಗಷ್ಟೇ ಹುಟ್ಟಿದ ಶಿಶುಗಳು. ಹಸಿ ಹಾಲಿನ ಮೆದು ಚೀಸನ್ನು ಬಸುರಿಯರಿಗೆ ಕೊಡಬಾರದು ಎಂಬ ಮಾತನ್ನು ಇಲ್ಲಿನ ಪ್ರತಿ ಮನೆಯೂ ತಿಳಿದಿರಬೇಕು.

ಪೆರ್ಡೂರಿನ ಹಾಲಿಗೆ ಚೀಸ್ ಆಗುವ ಯೋಗ್ಯತೆಯಿಲ್ಲ ಎಂದಲ್ಲ. ಕ್ರಮ ಬಲ್ಲವರು ಇದ್ದಾರೆ. ನಸುಕಿನಲ್ಲಿ ಸೆಗಣಿ ಬಾಚಿ, ಉಗುರುಬೆಚ್ಚಗಿನ ನೀರಿನಲ್ಲಿ ಕೆಚ್ಚಲು ತೊಳೆದು, ಒಣಬಟ್ಟೆಯಲ್ಲಿ ನೀರಿನ ಪಸೆಯಿಲ್ಲದಂತೆ ಒರೆಸಿ, ಮೊದಲ ಎರಡು ಧಾರೆ ಬೇರೆ ಪಾತ್ರೆಗೆ ಹಿಂಡಿ, ಆಮೇಲಷ್ಟೇ ಕ್ಯಾನಿಗೆ. ಸೊಸೈಟಿಗೆ ತಡಮಾಡದೆ ಒಯ್ಯಬೇಕು. ಶೀತಲೀಕರಣ ಘಟಕದ ನಾಲ್ಕು ಡಿಗ್ರಿ ತಲುಪುವವರೆಗೆ ಬ್ಯಾಕ್ಟೀರಿಯಾ ಇಮ್ಮಡಿಯಾಗುತ್ತಲೇ ಇರುತ್ತವೆ. ಮಳೆಯಲ್ಲಿ ಒಣಬಟ್ಟೆ ಎಂಬುದೇ ಕಷ್ಟದ ವಸ್ತು. ಒಲೆಯ ಮೇಲಿನ ಹಗ್ಗದಲ್ಲಿ ಆ ಬಟ್ಟೆಗೆಂದೇ ಜಾಗ ಇಟ್ಟ ಮನೆಯವರ ಮೇಲೆ ನನಗೆ ದೊಡ್ಡ ಗೌರವ.

ಸಂಶೋಧನೆಗೆ ದೂರ ಹೋಗಬೇಕಾಗಿಲ್ಲ. ಮಣಿಪಾಲ ಇಪ್ಪತ್ತು ಕಿಲೋಮೀಟರಿನ ಒಳಗಿದೆ. ಅಲ್ಲಿನ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಸೂಕ್ಷ್ಮಜೀವಿ ತಜ್ಞರು ಕರಾವಳಿಯ ಒದ್ದೆ ಮಣ್ಣಿನಿಂದ ಮಳೆಗಾಲದಲ್ಲಿ ಬರುವ ಮೆಲಿಯೊಡೋಸಿಸ್ ರೋಗವನ್ನು ವರ್ಷಗಳಿಂದ ಬೆನ್ನುಹತ್ತಿದವರು. ಅಂಥ ಕಣ್ಣು ಹಟ್ಟಿಯ ಕಡೆಗೂ ತಿರುಗಬೇಕು. ಸೊಪ್ಪಿನ ಹಟ್ಟಿ, ಸಿಮೆಂಟಿನ ಹಟ್ಟಿ, ಮ್ಯಾಟಿನ ಹಟ್ಟಿ ಮೂರನ್ನೂ ಒಂದೇ ಗ್ರಾಮದಲ್ಲಿ ಆರಿಸಿ, ಆಟಿಯಲ್ಲೊಮ್ಮೆ, ಚಳಿಯಲ್ಲೊಮ್ಮೆ, ಸೆಕೆಯಲ್ಲೊಮ್ಮೆ ನೆಲದ, ಕೆಚ್ಚಲಿನ, ಕ್ಯಾನಿನ ಮಾದರಿ ತೆಗೆಯಬೇಕು. ಹಾಲು ಎಷ್ಟು ಗಂಟೆ ನೀಲಿ ನಿಂತಿತು ಎಂದು ಬರೆದ ಅದೇ ಪುಟದಲ್ಲಿ, ಆ ಮನೆಯ ಕುಮ್ಕಿಯಲ್ಲಿ ಈಗ ಏನಿದೆ, ರಬ್ಬರೋ ಅಕೇಶಿಯಾವೋ ಬೋಗಿ ಮರುವಗಳ ಹಾಡಿಯೋ ಎಂಬುದನ್ನೂ ನಡೆದು ನೋಡಿ ಬರೆಯಬೇಕು.