ಶಾಲೆ ಬಿಟ್ಟ ಮೇಲಿನ ಕಲಿಕೆ: ತಪ್ಪು ಕಲ್ಪನೆ ಮತ್ತು ಸತ್ಯ

ಶಾಲೆಯ ಅವಧಿ ಹೆಚ್ಚಿಸಿದರೆ ಕಲಿಕೆಯೂ ಅಷ್ಟೇ ಹೆಚ್ಚುತ್ತದೆ ಎಂಬುದು ಬಹುಜನರ ನಂಬಿಕೆ. ಬೆಳಗಿನ ವಿಶೇಷ ತರಗತಿ, ಸಂಜೆಯ ಟ್ಯೂಷನ್, ರಜೆಯ ಕೋಚಿಂಗ್ ಎಲ್ಲವೂ ಇದರ ಮೇಲೆಯೇ ನಿಂತಿವೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಬೋಧನಾ ಗಂಟೆ ಗೊತ್ತುಮಾಡಿದೆ. ಆರರಿಂದ ಎಂಟಕ್ಕೆ 220 ದಿನ, 1000 ಗಂಟೆ. ನಿದ್ದೆಯನ್ನು ಕಳೆದರೂ ಇದು ಮಗು ಎಚ್ಚರವಿರುವ ಹೊತ್ತಿನ ಐದನೇ ಒಂದು ಭಾಗಕ್ಕಿಂತ ಕಡಿಮೆ. ಉಳಿದ ಹೊತ್ತಿಗೂ ಅದೇ ಪಾಠವನ್ನು ತುಂಬಿದರೆ ಬಾಯಿಪಾಠ ಗಟ್ಟಿಯಾದೀತು, ತಿಳಿವಳಿಕೆ ಬೆಳೆಯುತ್ತದೆಂಬ ಖಾತ್ರಿಯಿಲ್ಲ. ಶಿರಸಿ ತಾಲ್ಲೂಕಿನ ಹೆಗಡೆಕಟ್ಟಾದಂಥ ಊರುಗಳಲ್ಲಿ ಇನ್ನೊಂದು ತೊಡಕೂ ಇದೆ. ತೋಟ, ಬೆಟ್ಟಗಳ ನಡುವೆ ಮನೆಗಳು ಚದುರಿವೆ. ಮಳೆಗಾಲದಲ್ಲಿ ಹಳ್ಳದ ಕಾಲುಸಂಕ ದಾಟಿ, ಬಸ್ಸಿನ ಹೊತ್ತು ನೋಡಿಕೊಂಡು ಓಡಾಡುವ ಮಗುವಿಗೆ ಸಂಜೆ ಆರರ ತರಗತಿ ಎಂದರೆ ಕತ್ತಲೆಯಲ್ಲಿ ಮನೆ ಸೇರುವುದು. ಪೇಟೆಗೆಂದು ಹೊಲಿದ ಅಂಗಿ ಇಲ್ಲಿಗೆ ಹೊಂದುವುದಿಲ್ಲ.

ತೋಟದ ಕೆಲಸಕ್ಕೂ ಎಸ್ಸೆಸ್ಸೆಲ್ಸಿ ಪರೀಕ್ಷೆಗೂ ಸಂಬಂಧವಿಲ್ಲ ಎಂಬ ಮಾತು ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ಬೆಳೆಗಾರರ ಮನೆಗಳಲ್ಲೇ ಕೇಳಿಬರುತ್ತದೆ. ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವೊಂದೇ ಇದನ್ನು ಅಲ್ಲಗಳೆಯಲು ಸಾಕು. ಶೇಕಡಾ ಒಂದರ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮೈಲುತುತ್ತದ ನೀರು ಆಮ್ಲೀಯ, ಸುಣ್ಣದ ನೀರು ಕ್ಷಾರೀಯ. ಹದ ನೋಡಲು ಬೆಳೆಗಾರರು ಹೊಳೆಯುವ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಅದ್ದುತ್ತಾರೆ. ಅಲಗಿನ ಮೇಲೆ ಕೆಂಪು ಲೇಪ ಕೂತರೆ ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣ ಸಾಲದು ಎಂದರ್ಥ; ಹಾಗೆಯೇ ಹೊಡೆದರೆ ಗಿಡ ಸುಡುತ್ತದೆ. ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ತಾಮ್ರದ ಸಲ್ಫೇಟಿಗೆ ಕಬ್ಬಿಣದ ಮೊಳೆ ಹಾಕಿ ತೋರಿಸುವ ಸ್ಥಾನಪಲ್ಲಟ ಕ್ರಿಯೆ ಇದೇ. ತಟಸ್ಥೀಕರಣದ ಪಾಠವೂ ಅದೇ ಪೀಪಾಯಿಯಲ್ಲಿದೆ. ಹಸಿ ಅಡಿಕೆ ಒಣಗಿ ಚಾಲಿಯಾಗುವಾಗ ತೂಕ ಎಷ್ಟು ಇಳಿಯಿತೆಂದು ವಾರವಾರ ತೂಗಿ ಬರೆದಿಟ್ಟರೆ ಶೇಕಡಾವಾರು ಲೆಕ್ಕವೂ ನಕ್ಷೆಯೂ ಅಂಗಳದಲ್ಲೇ ಸಿಗುತ್ತವೆ.

ಇದಕ್ಕೆ ವಿರುದ್ಧವಾದ ಭ್ರಮೆಯೂ ಅಷ್ಟೇ ಬಲವಾಗಿದೆ: ಹಳ್ಳಿಯ ಮಕ್ಕಳು ಕಾಡು, ತೋಟ ನೋಡಿಯೇ ಬೆಳೆದವರು, ಅವರಿಗೆ ಬೇರೆ ಏರ್ಪಾಡು ಬೇಕಿಲ್ಲ ಎಂಬುದು. ದಿನವೂ ಕಂಡದ್ದೆಲ್ಲ ಅರ್ಥವಾಗಿರುವುದಿಲ್ಲ. ಚಾಕು ಕೆಂಪಾದದ್ದನ್ನು ಹತ್ತು ಮಳೆಗಾಲ ನೋಡಿದ ಹುಡುಗನಿಗೂ ಏಕೆಂದು ಕೇಳುವವರು ಬೇಕು, ಕಂಡದ್ದನ್ನು ಬರೆದಿಡಬೇಕು, ಅದು ಮತ್ತೆ ತರಗತಿಗೆ ಬರಬೇಕು. 1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದ ಕ್ರಮ ಹೀಗೆಯೇ ಇದೆ. 10ರಿಂದ 17 ವರ್ಷದ ಮಕ್ಕಳು ತಂಡ ಕಟ್ಟಿ, ತಮ್ಮೂರಿನದೇ ಒಂದು ಸಮಸ್ಯೆ ಹಿಡಿದು, ಅಳೆದು, ವರದಿ ಮಾಡುತ್ತಾರೆ. ಕೆಲಸ ಕಲಿಸುವ ಹೆಸರಿನಲ್ಲಿ ಮಕ್ಕಳನ್ನು ದುಡಿಸಿಕೊಳ್ಳಲು ಇದು ಪರವಾನಗಿಯಲ್ಲ. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನವರು ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಮನೆಯವರಿಗೆ ನೆರವಾಗಬಹುದು, ಅದೂ ಅಪಾಯವಿಲ್ಲದ ಕೆಲಸದಲ್ಲಿ ಮಾತ್ರ. ಔಷಧಿ ಹೊಡೆಯುವಾಗ ಮಕ್ಕಳ ಜಾಗ ದೂರದಲ್ಲಿ.

ಊರಿನಲ್ಲೇ ಪಾಠ ಸಿಗುತ್ತದೆ ಎಂಬ ಮಾತು ಇತಿಹಾಸದ ವಿಷಯಕ್ಕೂ ಒಪ್ಪುತ್ತದೆ. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಜನ ಮರಗಳನ್ನು ಅಪ್ಪಿ ನಿಂತು ಕಡಿತ ತಡೆದ ಅಪ್ಪಿಕೋ ಚಳವಳಿ ಇದೇ ಶಿರಸಿ ತಾಲ್ಲೂಕಿನದು. ಅದನ್ನು ಎರಡಂಕದ ಉತ್ತರವಾಗಿ ಉರುಹೊಡೆಯುವ ಮಕ್ಕಳಿಗೆ, ಆ ಕಾಲವನ್ನು ಕಂಡ ಹಿರಿಯರ ಜಗಲಿಯಲ್ಲಿ ಕೂತು ಪ್ರಶ್ನೆ ಕೇಳುವ ಅನುಕೂಲ ಇನ್ನೂ ಇದೆ.

ಯಕ್ಷಗಾನದ ಗೆಜ್ಜೆ ಕಟ್ಟಿದರೆ ಓದು ಕೆಡುತ್ತದೆ ಎನ್ನುವವರಿದ್ದಾರೆ. ಅದರಿಂದ ಗಣಿತದ ಅಂಕ ಏರುತ್ತದೆ ಎನ್ನುವವರೂ ಇದ್ದಾರೆ. ಎರಡನ್ನೂ ಹಾಗೆಯೇ ಒಪ್ಪಬೇಕಿಲ್ಲ. ಪದ್ಯದ ಅರ್ಥವನ್ನು ಆ ಕ್ಷಣಕ್ಕೆ ಮಾತಾಗಿ ಕಟ್ಟುವುದು, ಎದುರು ಪಾತ್ರದ ವಾದಕ್ಕೆ ತಕ್ಷಣ ಉತ್ತರಿಸುವುದು ವೇಷಕ್ಕೂ ತಾಳಮದ್ದಳೆಗೂ ಬೇಕಾದ ಪಟ್ಟು. ಅಂಕಪಟ್ಟಿ ಇದನ್ನು ಅಳೆಯುವುದಿಲ್ಲ. ಆದರೂ ಅದು ಭಾಷೆಯ ಕಲಿಕೆಯೇ.

ಬ್ಯಾಗಿಲ್ಲದ ದಿನ ಎಂದರೆ ಅರ್ಧ ರಜೆ ಎಂಬ ತಿಳಿವಳಿಕೆಯೂ ತಪ್ಪು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯವರಿಗೆ ಹತ್ತು ದಿನ ಹೇಳಿರುವುದು ಬಡಗಿ, ತೋಟಗಾರ, ಕುಂಬಾರ, ಕಲಾವಿದರ ಬಳಿ ಕೂತು ಕಲಿಯಲೆಂದು.

ಇನ್ನು ಮೊಬೈಲ್. ಅದೊಂದಿದ್ದರೆ ಶಾಲೆಯ ಹೊರಗಿನ ಕಲಿಕೆ ಸಲೀಸು ಎಂಬ ಎಣಿಕೆ ಕೋವಿಡ್ ಕಾಲದಲ್ಲಿ ಮಲೆನಾಡಿನಲ್ಲಿ ಸಡಿಲಿತು. ಸಿಗ್ನಲ್ಲಿಗಾಗಿ ಗುಡ್ಡ ಹತ್ತಬೇಕಾಯಿತು. 2020ರ ಆಗಸ್ಟಿನಲ್ಲಿ ರಾಜ್ಯ ಸರ್ಕಾರ ತಂದ ವಿದ್ಯಾಗಮದಲ್ಲಿ ಶಿಕ್ಷಕರೇ ಊರಿಗೆ ಹೋಗಿ ದೇವಸ್ಥಾನದ ಅಂಗಳ, ಮರದಡಿಗಳಲ್ಲಿ ಪಾಠ ಮಾಡಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತು. ಅದೇ ವರ್ಷ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುವ ‘ಓದುವ ಬೆಳಕು’ ಆರಂಭವಾಯಿತು. ಸಿಗ್ನಲ್ ಬೇಡದ ಈ ಏರ್ಪಾಡಿಗೆ ಬೇಕಾದದ್ದು ಇಷ್ಟೇ: ಗ್ರಂಥಾಲಯದ ಬಾಗಿಲು ಶಾಲೆ ಬಿಟ್ಟ ಮೇಲೆ, ಬಸ್ಸು ಬರುವ ಮೊದಲು, ತೆರೆದಿರಬೇಕು.