ಕೇಳಿದ್ದು ತಲೆಗೆ, ಕಲಿತದ್ದು ಕೈಗೆ

ನೀವು ಕೆಲಸ ಮಾಡುವ ಕಚೇರಿಯಲ್ಲೋ ಕಾರ್ಖಾನೆಯಲ್ಲೋ ಎಂದಾದರೂ ‘ಸುರಕ್ಷತಾ ತರಬೇತಿ’ ನಡೆದಿರಬಹುದು. ಎಲ್ಲರನ್ನೂ ಒಂದು ಹಾಲ್‌ನಲ್ಲಿ ಕೂರಿಸುತ್ತಾರೆ. ವೈದ್ಯರೋ ಅಧಿಕಾರಿಯೋ ಬಂದು ಒಂದು ಗಂಟೆ ಮಾತನಾಡುತ್ತಾರೆ. ಪರದೆಯ ಮೇಲೆ ಚಿತ್ರಗಳು ಬಂದು ಹೋಗುತ್ತವೆ. ಕೊನೆಗೆ ವಂದನಾರ್ಪಣೆ, ಕಾಫಿ, ಬಿಸ್ಕತ್ತು. ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಎಲ್ಲರೂ ಕೆಲಸಕ್ಕೆ ಮರಳುತ್ತಾರೆ. ಒಂದು ತಿಂಗಳ ನಂತರ ಇವರಲ್ಲಿ ಎಷ್ಟು ಮಂದಿಗೆ ಏನು ನೆನಪಿರುತ್ತದೆ? ನೆನಪಿದ್ದರೂ ಅಪಘಾತದ ಗಳಿಗೆಯಲ್ಲಿ ಎಷ್ಟು ಮಂದಿ ಅದರಂತೆ ನಡೆದುಕೊಳ್ಳುತ್ತಾರೆ?

ಈ ಪ್ರಶ್ನೆಯನ್ನು ಬೇರೆಯವರಿಗೆ ಕೇಳುವ ಮೊದಲು ನಾನು ನನಗೇ ಕೇಳಿಕೊಳ್ಳಬೇಕಾಯಿತು. ಆ ಘಟನೆಯನ್ನು ಹೇಳುತ್ತೇನೆ.

ಪ್ರತಿ ವರ್ಷ ಮಾರ್ಚ್ 4ರಂದು ರಾಷ್ಟ್ರೀಯ ಸುರಕ್ಷತಾ ದಿನ. ಕೆಲವು ವರ್ಷಗಳ ಹಿಂದೆ ಆ ದಿನ ಬೆಂಗಳೂರಿನ ಹೊರವಲಯದ ಒಂದು ಸಿದ್ಧ ಉಡುಪು ಕಾರ್ಖಾನೆಯವರು ಪ್ರಥಮ ಚಿಕಿತ್ಸೆಯ ಬಗ್ಗೆ ಮಾತನಾಡಲು ನನ್ನನ್ನು ಕರೆದಿದ್ದರು. ಸುಟ್ಟಗಾಯ, ಮೂರ್ಛೆರೋಗ, ವಿದ್ಯುತ್ ಆಘಾತ, ಹೃದಯಾಘಾತ ಎಲ್ಲವನ್ನೂ ಒಂದೇ ಗಂಟೆಯಲ್ಲಿ ಹೇಳಿ ಮುಗಿಸಿದೆ. ಜೋರಾದ ಚಪ್ಪಾಳೆ ಬಿತ್ತು. ಹಾರ, ಹಣ್ಣಿನ ಬುಟ್ಟಿ ಹಿಡಿದು ಸಂತೋಷದಿಂದಲೇ ಮನೆಗೆ ಬಂದೆ.

ಎರಡು ತಿಂಗಳೂ ಕಳೆದಿರಲಿಲ್ಲ. ಅದೇ ಕಾರ್ಖಾನೆಯ ಇಸ್ತ್ರಿ ವಿಭಾಗದ ಒಬ್ಬ ಹುಡುಗಿಯನ್ನು ನನ್ನ ಚಿಕಿತ್ಸಾಲಯಕ್ಕೆ ಕರೆತಂದರು. ಬಿಸಿ ಹಬೆ ತಗುಲಿ ಮುಂಗೈ ಸುಟ್ಟಿತ್ತು. ಗಾಯದ ಮೇಲೆಲ್ಲ ದಪ್ಪಗೆ ಟೂತ್‌ಪೇಸ್ಟ್ ಮೆತ್ತಿದ್ದರು. ಕೈಬಳೆಗಳನ್ನು ಯಾರೂ ತೆಗೆದಿರಲಿಲ್ಲ. ಊದಿಕೊಂಡ ಮಣಿಕಟ್ಟಿನಿಂದ ಅವನ್ನು ಒಂದೊಂದಾಗಿ ಒಡೆದು ತೆಗೆಯಬೇಕಾಯಿತು. ಪೇಸ್ಟನ್ನು ತೊಳೆಯುವಾಗ ಆಕೆ ಪಟ್ಟ ನೋವು ನೋಡಲಾಗುತ್ತಿರಲಿಲ್ಲ. ಮುಂದೆ ಗಾಯ ಕೀವಾಯಿತು. ಆರು ವಾರ ಆಕೆಗೆ ಕೆಲಸಕ್ಕೆ ಹೋಗಲಾಗಲಿಲ್ಲ.

ಜೊತೆಗೆ ಬಂದಿದ್ದ ಮೇಲ್ವಿಚಾರಕರು ನನ್ನ ಭಾಷಣದ ದಿನ ಮೊದಲ ಸಾಲಿನಲ್ಲೇ ಕುಳಿತಿದ್ದವರು. “ಸುಟ್ಟರೆ ತಣ್ಣೀರು ಹಾಕಿ ಅಂತ ಹೇಳಿದ್ದೆನಲ್ಲ?” ಎಂದು ಸ್ವಲ್ಪ ಕೋಪದಿಂದಲೇ ಕೇಳಿದೆ.

“ನೆನಪಿತ್ತು ಸಾರ್. ಆದ್ರೆ ಹುಡುಗಿ ಕಿರುಚಿಕೊಂಡಾಗ ಏನೂ ತೋಚಲಿಲ್ಲ. ನಲ್ಲಿ ಇರೋದು ಆ ಕೊನೇಲಿ, ಟಾಯ್ಲೆಟ್ ಹತ್ರ. ಯಾರೋ ಪೇಸ್ಟ್ ತಂದುಕೊಟ್ರು, ಹಚ್ಚಿಬಿಟ್ವಿ” ಎಂದರು.

ಇಂಥ ಸಂದರ್ಭದಲ್ಲಿ ‘ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು’ ಎಂದು ಬೈದುಕೊಳ್ಳುವುದು ಸುಲಭ. ಆದರೆ ರಾತ್ರಿ ಕುಳಿತು ಯೋಚಿಸಿದಾಗ ತಪ್ಪು ಕೇಳಿದವರದಲ್ಲ, ಬಾರಿಸಿದವನದು ಎಂದು ಹೊಳೆಯಿತು. ನಾನು ವಿಷಯವನ್ನು ತಿಳಿಸಿದ್ದೆ, ಕಲಿಸಿರಲಿಲ್ಲ. ತಿಳಿಸುವುದು ಬೇರೆ, ಕಲಿಸುವುದು ಬೇರೆ.

ಎಲ್ಲಿ ತಪ್ಪಿತು?

ನನ್ನ ಭಾಷಣ ಸಿದ್ಧಪಡಿಸುವಾಗ ‘ಇವರಿಗೆ ನಾನು ಏನೇನು ಹೇಳಬೇಕು?’ ಎಂದಷ್ಟೇ ಯೋಚಿಸಿದ್ದೆ. ‘ಅಪಘಾತವಾದ ಮೊದಲ ಐದು ನಿಮಿಷದಲ್ಲಿ ಇವರ ಕೈಗಳು ಏನು ಮಾಡಬೇಕು? ಈಗ ಏನು ಮಾಡುತ್ತಿವೆ? ಏಕೆ ಹಾಗೆ ಮಾಡುತ್ತಿವೆ?’ ಎಂದು ಕೇಳಿಕೊಂಡಿರಲಿಲ್ಲ. ಕೇಳಿಕೊಂಡಿದ್ದರೆ ಭಾಷಣಕ್ಕೆ ಮೊದಲೇ ಇಸ್ತ್ರಿ ವಿಭಾಗಕ್ಕೆ ಹೋಗಿ ನಲ್ಲಿ ಎಲ್ಲಿದೆ ಎಂದು ನೋಡುತ್ತಿದ್ದೆ.

ಕಾರ್ಖಾನೆಯವರ ಒಪ್ಪಿಗೆ ಪಡೆದು ಮತ್ತೊಮ್ಮೆ ಅಲ್ಲಿಗೆ ಹೋದೆ. ಈ ಬಾರಿ ಹಾಲ್ ಬೇಡ, ಮೈಕ್ ಬೇಡ ಎಂದೆ. ಕೆಲಸದ ಜಾಗದಲ್ಲೇ, ಹನ್ನೆರಡು ಜನರ ಗುಂಪು, ಒಂದು ಗುಂಪಿಗೆ ಅರ್ಧ ಗಂಟೆ. ನಾನು ಏನನ್ನೂ ವಿವರಿಸದೆ, “ಇವರ ಕೈ ಈಗ ತಾನೇ ಸುಟ್ಟಿದೆ. ಏನು ಮಾಡುತ್ತೀರೋ ಮಾಡಿ” ಎಂದು ಗಡಿಯಾರ ನೋಡುತ್ತ ನಿಂತೆ.

ಮೊದಲ ಗುಂಪು ‘ಗಾಯಾಳು’ವನ್ನು ನೀರಿನ ಬಳಿಗೆ ಒಯ್ಯುವಷ್ಟರಲ್ಲಿ ನಾಲ್ಕು ನಿಮಿಷ ಕಳೆದಿತ್ತು. ಜಾಗ ಬಿಟ್ಟು ಏಳಲು ಮೇಲ್ವಿಚಾರಕರ ಅನುಮತಿ ಬೇಕೋ ಬೇಡವೋ ಎಂಬ ಗೊಂದಲ. ದಾರಿಯಲ್ಲಿ ಬಟ್ಟೆಯ ಮೂಟೆಗಳು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗೆ ಬೀಗ, ಬೀಗದ ಕೈ ಇದ್ದವರು ಬ್ಯಾಂಕಿಗೆ ಹೋಗಿದ್ದರು! ಇವುಗಳಲ್ಲಿ ಒಂದನ್ನೂ ನನ್ನ ಭಾಷಣ ಸರಿಪಡಿಸುವಂತಿರಲಿಲ್ಲ. ನಲ್ಲಿಯೇ ಇಲ್ಲದ ಕಡೆ ನೀರು ಹಾಕಿ ಎಂದು ಎಷ್ಟು ಸಲ ಹೇಳಿದರೇನು?

ಇನ್ನೊಂದು ವಿಷಯವೂ ತಿಳಿಯಿತು. ಸುಟ್ಟ ಭಾಗವನ್ನು ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಮಂಜುಗಡ್ಡೆ ಬೇಡ, ಸಾಧಾರಣ ನಲ್ಲಿ ನೀರು ಸಾಕು. ಚರ್ಮದೊಳಗೆ ಉಳಿದ ಶಾಖ ಕೆಳಗಿನ ಪದರಗಳನ್ನೂ ಸುಡುತ್ತ ಹೋಗುವುದನ್ನು ಈ ನೀರು ತಡೆಯುತ್ತದೆ. “20 ನಿಮಿಷ ಆಯಿತು ಅನ್ನಿಸಿದಾಗ ಕೈ ತೆಗೆಯಿರಿ” ಎಂದು ಒಬ್ಬರಿಗೆ ಹೇಳಿದೆ. ಅವರು ಕೈ ತೆಗೆದಾಗ ಮೂರು ನಿಮಿಷವೂ ಆಗಿರಲಿಲ್ಲ. ಎಲ್ಲರೂ ನಕ್ಕರು. ಆದರೆ 20 ನಿಮಿಷ ಎಷ್ಟು ದೀರ್ಘವೆಂದು ಅಂದು ಗೊತ್ತಾದದ್ದನ್ನು ಅವರಾರೂ ಮರೆಯಲಾರರು.

ಬರಿಗೈಯಲ್ಲಿ ನಿಲ್ಲಿಸಬೇಡಿ

ಬಳಿಕ ಒಬ್ಬರು ಮೂರ್ಛೆ ಬಂದವರಂತೆ ನಟಿಸಿದರು. ಕೂಡಲೇ ಇಬ್ಬರು ಬೀಗದ ಕೈ ಹುಡುಕಲು ಓಡಿದರು! ಕೈಗೆ ಕಬ್ಬಿಣ ಕೊಟ್ಟರೆ ಮೂರ್ಛೆ ನಿಲ್ಲುವುದಿಲ್ಲ ಎಂದು ನಾನು ಭಾಷಣದಲ್ಲಿ ಒತ್ತಿ ಹೇಳಿದ್ದೆ, ಅವರೂ ತಲೆದೂಗಿದ್ದರು. ಆದರೆ ಚಿಕ್ಕಂದಿನಿಂದ ಮನೆಯಲ್ಲಿ, ಬೀದಿಯಲ್ಲಿ ನೋಡಿದ ಅಭ್ಯಾಸ ಒಂದು ಗಂಟೆಯ ಮಾತಿನಿಂದ ಅಳಿಯುತ್ತದೆಯೆ?

‘ಹಾಗೆ ಮಾಡಬೇಡಿ’ ಎಂದಷ್ಟೇ ಹೇಳಿದರೆ ಮನುಷ್ಯ ಬರಿಗೈಯಲ್ಲಿ ನಿಲ್ಲುತ್ತಾನೆ. ಕಣ್ಣೆದುರು ಒಬ್ಬರು ಒದ್ದಾಡುತ್ತಿರುವಾಗ ಬರಿಗೈಯಲ್ಲಿ ನಿಲ್ಲುವುದು ಯಾರಿಂದಲೂ ಆಗದು. ಆದ್ದರಿಂದ ಹಳೆಯ ಅಭ್ಯಾಸದ ಜಾಗದಲ್ಲಿ ಕೈಗೆ ಬೇರೆ ಕೆಲಸ ಕೊಡಬೇಕು. ತಲೆಯ ಕೆಳಗೆ ಮೆತ್ತನೆಯ ಬಟ್ಟೆ ಇಡುವುದು ಒಬ್ಬರ ಕೆಲಸ. ಸುತ್ತಲಿನ ಚೂಪಾದ ವಸ್ತುಗಳನ್ನು ಸರಿಸುವುದು ಇನ್ನೊಬ್ಬರ ಕೆಲಸ. ಗಡಿಯಾರ ನೋಡುವುದು ಮತ್ತೊಬ್ಬರ ಕೆಲಸ. ಸೆಳೆತ ನಿಂತ ಕೂಡಲೇ ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು. ಬಾಯಿಗೆ ಚಮಚ, ಬಟ್ಟೆ, ನೀರು ಏನನ್ನೂ ಹಾಕಬಾರದು. ಸೆಳೆತ ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಬೇಕು. ಪ್ರತಿಯೊಬ್ಬರೂ ಇದನ್ನು ಎರಡು ಸಲ ಮಾಡಿದರು. ಮೂರನೆಯ ಸಲಕ್ಕೆ ಬೀಗದ ಕೈಗಾಗಿ ಯಾರೂ ಓಡಲಿಲ್ಲ.

ಬಾಂಗ್ಲಾದೇಶದ ಪಾಠ

ಕಲಿಸುವುದು ಎಂದರೇನು ಎಂಬುದಕ್ಕೆ ವೈದ್ಯಕೀಯ ರಂಗದಲ್ಲೇ ಒಂದು ದೊಡ್ಡ ಉದಾಹರಣೆ ಇದೆ. 1980ರಿಂದ 1990ರವರೆಗೆ ಬಾಂಗ್ಲಾದೇಶದ ಬ್ರಾಕ್ ಎಂಬ ಸಂಸ್ಥೆ, ವಾಂತಿಭೇದಿಯಿಂದ ಸಾಯುವ ಮಕ್ಕಳನ್ನು ಉಳಿಸಲು ಹಳ್ಳಿಹಳ್ಳಿಗೆ ಮಹಿಳಾ ಕಾರ್ಯಕರ್ತೆಯರನ್ನು ಕಳುಹಿಸಿತು. ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಇಷ್ಟನ್ನು ಬೆರೆಸಿ ಮಗುವಿಗೆ ಕುಡಿಸಲು ಕಲಿಸುವುದು ಅವರ ಕೆಲಸ. ಅವರು ಸಭೆ ಸೇರಿಸಿ ಭಾಷಣ ಮಾಡಲಿಲ್ಲ. ಮನೆಮನೆಗೆ ಹೋಗಿ ತಾಯಿಯ ಕೈಯಿಂದಲೇ ಪಾನಕ ಮಾಡಿಸಿದರು.

ಇದಕ್ಕಿಂತ ಮುಖ್ಯವಾದದ್ದು ಮುಂದಿನ ಹೆಜ್ಜೆ. ಕೆಲವು ವಾರಗಳ ಬಳಿಕ ಬೇರೆ ಪರೀಕ್ಷಕರು ಕೆಲವು ಮನೆಗಳಿಗೆ ಹೋಗಿ, ತಾಯಂದಿರಿಗೆ ಎಷ್ಟು ನೆನಪಿದೆ, ಪಾನಕವನ್ನು ಸರಿಯಾಗಿ ಮಾಡುತ್ತಾರೆಯೆ ಎಂದು ನೋಡುತ್ತಿದ್ದರು. ಕಲಿಸಿದವರ ಸಂಬಳ ಆ ಫಲಿತಾಂಶವನ್ನು ಅವಲಂಬಿಸಿತ್ತು! ಎಷ್ಟು ಮನೆಗೆ ಹೋದಿರಿ ಎಂಬುದಕ್ಕಲ್ಲ, ಎಷ್ಟು ತಾಯಂದಿರು ಕಲಿತರು ಎಂಬುದಕ್ಕೆ ಸಂಬಳ.

ಆರಂಭದಲ್ಲಿ ಒಂದು ತೊಡಕೂ ಎದುರಾಯಿತು. ತಾಯಂದಿರು ಕಲಿತರೂ ಮಗುವಿಗೆ ಭೇದಿಯಾದಾಗ ಪಾನಕ ಬಳಸುವವರು ಕಡಿಮೆ. ಏಕೆಂದು ಹುಡುಕಿದರೆ ಕಾರ್ಯಕರ್ತೆಯರಿಗೇ ಅದರಲ್ಲಿ ಪೂರ್ತಿ ನಂಬಿಕೆ ಇರಲಿಲ್ಲ. ತಮಗೆ ಭೇದಿಯಾದರೆ ಅವರು ಮಾತ್ರೆ ನುಂಗುತ್ತಿದ್ದರು. ಕಲಿಸುವವರಿಗೆ ನಂಬಿಕೆ ಹುಟ್ಟಿಸಿದ ಮೇಲೆಯೇ ಕೆಲಸ ಮುಂದೆ ಸಾಗಿತು. ಹತ್ತು ವರ್ಷಗಳಲ್ಲಿ 1.2 ಕೋಟಿಗೂ ಹೆಚ್ಚು ಮನೆಗಳನ್ನು ಈ ಕಾರ್ಯಕ್ರಮ ಮುಟ್ಟಿತು. (ಈಗ ನಮ್ಮ ಆರೋಗ್ಯ ಕೇಂದ್ರಗಳಲ್ಲಿ ಓಆರ್‌ಎಸ್ ಪೊಟ್ಟಣ ಸಿಗುತ್ತದೆ. ಮನೆಯ ಪಾನಕಕ್ಕಿಂತ ಅದೇ ಒಳ್ಳೆಯದು.)

ನಮ್ಮ ತರಬೇತಿಗಳನ್ನು ಹೀಗೆ ಅಳೆದರೆ ಏನಾದೀತು? ಹಾಜರಿ ಪುಸ್ತಕದ ಸಹಿಗಳು ಎಷ್ಟು ಜನ ಕುಳಿತಿದ್ದರು ಎಂಬುದನ್ನು ಹೇಳುತ್ತವೆ, ಎಷ್ಟು ಜನ ಕಲಿತರು ಎಂಬುದನ್ನಲ್ಲ.

ಹಾಡ್ತಾ ಹಾಡ್ತಾ ರಾಗ

ಕೆಲವು ಕೌಶಲಗಳು ಕೈಯಿಂದಲ್ಲದೆ ಬರುವುದೇ ಇಲ್ಲ. ಹೃದಯ ನಿಂತವರ ಎದೆಯ ಮಧ್ಯೆ ನಿಮಿಷಕ್ಕೆ 100ರಿಂದ 120 ಸಲ, ಸುಮಾರು ಎರಡು ಅಂಗುಲ ಆಳಕ್ಕೆ ಒತ್ತಬೇಕು ಎಂದು ನೀವು ಓದಿರಬಹುದು. ಆದರೆ ಎರಡು ಅಂಗುಲ ಒತ್ತಲು ಎಷ್ಟು ಬಲ ಬೇಕೆಂದು ಓದಿನಿಂದ ತಿಳಿಯದು. ಅದಕ್ಕೆಂದೇ 1960ರಲ್ಲಿ ನಾರ್ವೆಯ ಆಟಿಕೆ ತಯಾರಕ ಆಸ್ಮಂಡ್ ಲೇರ್ಡಾಲ್ ಮನುಷ್ಯ ಗಾತ್ರದ ಒಂದು ಗೊಂಬೆಯನ್ನು ಮಾಡಿಕೊಟ್ಟರು. ಇಂದಿಗೂ ಜಗತ್ತಿನಾದ್ಯಂತ ಇಂಥ ಗೊಂಬೆಗಳ ಮೇಲೆಯೇ ಇದನ್ನು ಕಲಿಸುತ್ತಾರೆ. ಹೀಗೆ ಕಲಿತದ್ದೂ ಅಭ್ಯಾಸ ತಪ್ಪಿದರೆ ಕೆಲವೇ ತಿಂಗಳಲ್ಲಿ ಮಾಸುತ್ತದೆ. ವೈದ್ಯರೂ ಇದಕ್ಕೆ ಹೊರತಲ್ಲ. ‘ಹಾಡ್ತಾ ಹಾಡ್ತಾ ರಾಗ’ ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ವರ್ಷಕ್ಕೊಮ್ಮೆ ಒಂದು ದಿನ ಪೂರ್ತಿ ತರಬೇತಿ ಕೊಡುವುದಕ್ಕಿಂತ, ಕೆಲವು ತಿಂಗಳಿಗೊಮ್ಮೆ ಹತ್ತಿಪ್ಪತ್ತು ನಿಮಿಷ ಮಾಡಿಸುವುದು ಮೇಲು.

ತರಬೇತಿ ಏರ್ಪಡಿಸುವವರಿಗೆ

ನೀವು ಮಾಲೀಕರಿರಬಹುದು, ಶಾಲೆಯ ಮುಖ್ಯಸ್ಥರಿರಬಹುದು, ಹೋಟೆಲ್ ನಡೆಸುವವರಿರಬಹುದು. ಈ ಕೆಲವು ಮಾತುಗಳನ್ನು ಗಮನದಲ್ಲಿಡಿ.

1. ನಿಮ್ಮಲ್ಲಿ ನಿಜವಾಗಿ ಆಗುವ ಅಪಘಾತಗಳು ಯಾವುವು ಎಂದು ಮೊದಲು ಪಟ್ಟಿ ಮಾಡಿ. ಹೋಟೆಲ್‌ನವರಿಗೆ ಬಿಸಿ ಎಣ್ಣೆ, ಗ್ಯಾಸ್. ಗ್ಯಾರೇಜಿನವರಿಗೆ ಕಣ್ಣಿಗೆ ಹಾರುವ ಲೋಹದ ಚೂರು. ಎಲ್ಲವನ್ನೂ ಒಂದೇ ದಿನ ಹೇಳಬೇಡಿ. ಎರಡು ಮೂರು ಸಂಗತಿ ಆರಿಸಿಕೊಳ್ಳಿ.

2. ಜನ ತಪ್ಪು ಮಾಡುವುದು ತಿಳಿಯದೆಯೋ, ಅಭ್ಯಾಸವಿಲ್ಲದೆಯೋ, ಹೆದರಿಕೆಯಿಂದಲೋ, ಅಥವಾ ಸೌಕರ್ಯವಿಲ್ಲದೆಯೋ ಎಂದು ಅವರನ್ನೇ ಕೇಳಿ. ಸೌಕರ್ಯವಿಲ್ಲದಿದ್ದರೆ ತರಬೇತಿಗೆ ಮೊದಲು ನಲ್ಲಿ ಹಾಕಿಸಿ.

3. ಕೆಲಸದ ಜಾಗದಲ್ಲೇ, ಅಲ್ಲಿನ ಸಾಮಾನುಗಳಿಂದಲೇ ಮಾಡಿಸಿ. ತಪ್ಪು ಮಾಡಲು ಬಿಡಿ. ಆಮೇಲೆ ತಿದ್ದಿ. ತಪ್ಪಿದವರನ್ನು ಎಲ್ಲರೆದುರು ಹೀಯಾಳಿಸಬೇಡಿ.

4. ಒಂದು ತಿಂಗಳ ನಂತರ ಮುನ್ಸೂಚನೆ ಕೊಡದೆ ಮತ್ತೆ ಮಾಡಿಸಿ ನೋಡಿ. ತಪ್ಪಿದ್ದರೆ ಅದು ಅವರ ದಡ್ಡತನವಲ್ಲ, ನಿಮ್ಮ ಪಾಠ ಸಾಲಲಿಲ್ಲ ಎಂದರ್ಥ.

5. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗೆ ಬೀಗ ಬೇಡ. 1948ರ ಕಾರ್ಖಾನೆಗಳ ಕಾಯ್ದೆಯಲ್ಲೇ, ಪ್ರತಿ 150 ಕಾರ್ಮಿಕರಿಗೆ ಕಡಿಮೆಯೆಂದರೆ ಒಂದು ಪೆಟ್ಟಿಗೆ, ಕೆಲಸದ ವೇಳೆಯಲ್ಲೆಲ್ಲ ಕೈಗೆಟುಕುವಂತೆ ಇರಬೇಕು ಎಂದು ಬರೆದಿದ್ದರು. ಕೈಗೆಟುಕುವಂತೆ ಎಂಬ ಮಾತನ್ನೇ ನಾವು ಮರೆತಿದ್ದೇವೆ.

ಮನೆಗೂ ಇದೇ ಮಾತು

ಮುಂದಿನ ಭಾನುವಾರ ಮನೆಯಲ್ಲೇ ಒಂದು ಪುಟ್ಟ ಪರೀಕ್ಷೆ ಮಾಡಿ. “ಅಜ್ಜಿಗೆ ಕರೆಂಟು ಹೊಡೆದಿದೆ” ಎಂದು ಮಕ್ಕಳಿಗೆ ಹೇಳಿ. ಅಜ್ಜಿಯನ್ನು ಮುಟ್ಟುವ ಮೊದಲು ಮೇನ್ ಸ್ವಿಚ್ ಆರಿಸಬೇಕೆಂದು ಅವರಿಗೆ ಹೊಳೆಯುತ್ತದೆಯೆ? ಸ್ವಿಚ್ ಅವರ ಕೈಗೆ ಎಟುಕುತ್ತದೆಯೆ? ಗ್ಯಾಸ್ ಸಿಲಿಂಡರ್‌ನ ರೆಗ್ಯುಲೇಟರ್ ಆರಿಸಲು ಮನೆಯ ಗಂಡಸರಿಗೆ ಬರುತ್ತದೆಯೆ? 108ಕ್ಕೆ ಕರೆ ಮಾಡಿದರೆ ನಿಮ್ಮ ಮನೆಯ ಗುರುತನ್ನು ಮಗು ಸರಿಯಾಗಿ ಹೇಳುತ್ತದೆಯೆ? ಹೇಳಿಕೊಡಬೇಡಿ, ಮೊದಲು ಮಾಡಿಸಿ ನೋಡಿ. ಎಲ್ಲಿ ಎಡವುತ್ತಾರೆ ಎಂದು ನಿಮಗೇ ತಿಳಿಯುತ್ತದೆ.

ಆ ಕಾರ್ಖಾನೆಯ ಇಸ್ತ್ರಿ ವಿಭಾಗದಲ್ಲಿ ಈಗ ಒಂದು ನಲ್ಲಿ ಇದೆ, ಅದಕ್ಕೊಂದು ಪೈಪು ಇದೆ. ಎರಡನೆಯ ತರಬೇತಿಯಾಗಿ ಕೆಲವು ತಿಂಗಳ ಬಳಿಕ ಅಲ್ಲಿನ ಒಬ್ಬ ಹೆಣ್ಣುಮಗಳು ತನ್ನ ನಾಲ್ಕು ವರ್ಷದ ಮಗನನ್ನು ನನ್ನ ಬಳಿ ಕರೆತಂದಳು. ಬಿಸಿ ಸಾರು ಕಾಲಿನ ಮೇಲೆ ಚೆಲ್ಲಿತ್ತು. ಕಾಲಿಗೆ ಒಗೆದ ಬಿಳಿ ಬಟ್ಟೆ ಸಡಿಲವಾಗಿ ಸುತ್ತಿತ್ತು, ಇನ್ನೇನೂ ಹಚ್ಚಿರಲಿಲ್ಲ. “ಅತ್ತೆ ಶಾಯಿ ಹಾಕು ಅಂದ್ರು, ಪಕ್ಕದ ಮನೆಯವರು ಅರಿಶಿನ ತಂದ್ರು ಡಾಕ್ಟ್ರೇ. ನಾನು ಗಡಿಯಾರ ನೋಡ್ಕೊಂಡು 20 ನಿಮಿಷ ನಲ್ಲಿ ಕೆಳಗೇ ಹಿಡ್ಕೊಂಡಿದ್ದೆ. ಅವನು ಅಳ್ತಾ ಇದ್ದ, ನಾನೂ ಅಳ್ತಾ ಇದ್ದೆ. ಆದ್ರೆ ಬಿಡ್ಲಿಲ್ಲ” ಎಂದಳು.

ಗಾಯ ಹತ್ತು ದಿನದಲ್ಲಿ ಮಾಯಿತು.