ಲಿನಕ್ಸ್ ಮನೆಯಲ್ಲಿ ಕನ್ನಡದ ಸಂಸಾರ

ಹೊಸ ಎತ್ತನ್ನು ಸಂತೆಯಿಂದ ತಂದು ಕೊಟ್ಟಿಗೆಯಲ್ಲಿ ಕಟ್ಟಿದ ದಿನವೇ ಅದು ನಮ್ಮದಾಗುವುದಿಲ್ಲ. ನಮ್ಮ ಕೂಗು ಅದಕ್ಕೆ ತಿಳಿಯಬೇಕು, ನಮ್ಮ ಹೊಲದ ಏರುತಗ್ಗು ಅದರ ಕಾಲಿಗೆ ಪರಿಚಯವಾಗಬೇಕು. ಗಣಕಯಂತ್ರದ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. ಯಂತ್ರದೊಳಕ್ಕೆ ತಂತ್ರಾಂಶವನ್ನು ಇಳಿಸುವುದು ಒಂದು ಕೆಲಸ. ಇಳಿಸಿದ ತಂತ್ರಾಂಶವನ್ನು ನಮ್ಮ ನುಡಿಗೆ, ನಮ್ಮ ಉದ್ಯೋಗಕ್ಕೆ, ನಮ್ಮ ಊರಿನ ಪರಿಸ್ಥಿತಿಗೆ ಒಗ್ಗಿಸಿಕೊಳ್ಳುವುದು ಮತ್ತೊಂದು ಕೆಲಸ. ಮೊದಲನೆಯದಕ್ಕೆ ಸ್ಥಾಪನೆ ಎಂದೂ ಎರಡನೆಯದಕ್ಕೆ ಹೊಂದಿಕೆ ಎಂದೂ ಹೆಸರಿಟ್ಟುಕೊಳ್ಳೋಣ. ಲಿನಕ್ಸ್ ಎಂಬ ವ್ಯವಸ್ಥೆಯಲ್ಲಿ ಇವೆರಡೂ ಹೇಗೆ ನಡೆಯುತ್ತವೆ, ಅದರಿಂದ ಕಾಗಿಣಾ ಸೀಮೆಯ ನಮ್ಮ ಊರುಗಳಿಗೆ ಏನು ಪ್ರಯೋಜನ ಎಂಬುದನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಈ ಮಾತಿಗೆ ಈಗೇನು ಅವಸರ ಎಂದು ನೀವು ಕೇಳಬಹುದು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲದ ಅವಧಿ ಮುಗಿಯಿತು. ಅದರ ನಂತರದ ವಿಂಡೋಸ್ 11 ಹೊಸ ತಲೆಮಾರಿನ ಯಂತ್ರಾಂಗಗಳನ್ನು ಬೇಡುತ್ತದೆ; ಹಳೆಯ ಯಂತ್ರಗಳಲ್ಲಿ ಹಲವನ್ನು ಅದು ಹೊಸ್ತಿಲೊಳಗೆ ಬಿಟ್ಟುಕೊಳ್ಳುವುದಿಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಡಿಟಿಪಿ ಅಂಗಡಿಗಳಲ್ಲಿ, ಶಾಲೆಯ ಕೋಣೆಗಳಲ್ಲಿ, ಸಂಘಗಳ ಕಚೇರಿಗಳಲ್ಲಿ ಇಂತಹ ಯಂತ್ರಗಳು ಇಂದಿಗೂ ದುಡಿಯುತ್ತಿವೆ. ಅವುಗಳ ಶಕ್ತಿ ಕುಂದಿಲ್ಲ. ಅವುಗಳಿಗೆ ದೊರೆಯುತ್ತಿದ್ದ ರಕ್ಷಣೆ ಮಾತ್ರ ನಿಂತುಹೋಗಿದೆ. ಇವುಗಳನ್ನು ಗುಜರಿಗೆ ಹಾಕುವ ಮೊದಲು ಲಿನಕ್ಸಿನತ್ತ ಒಮ್ಮೆ ನೋಡುವುದು ವಿವೇಕ.

ಲಿನಕ್ಸ್ ಎಂದರೇನು? 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಎಂಬುವರು, ಯಾರು ಬೇಕಾದರೂ ಓದಬಹುದಾದ, ತಿದ್ದಬಹುದಾದ, ಹಂಚಬಹುದಾದ ಒಂದು ಸಂಪೂರ್ಣ ಗಣಕ ವ್ಯವಸ್ಥೆಯನ್ನು ನಿರ್ಮಿಸುವ ಗ್ನೂ ಯೋಜನೆಯನ್ನು ಪ್ರಕಟಿಸಿದರು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್, ಯಂತ್ರಾಂಗಗಳನ್ನು ನೇರವಾಗಿ ನಡೆಸುವ ತಿರುಳನ್ನು ಬರೆದು ಜಗತ್ತಿನ ಮುಂದಿಟ್ಟರು. ಈ ತಿರುಳಿನ ಹೆಸರೇ ಲಿನಕ್ಸ್. ತಿರುಳನ್ನೂ ಉಳಿದ ಸಲಕರಣೆಗಳನ್ನೂ ಒಂದುಗೂಡಿಸಿ ಬಳಕೆಗೆ ಸಿದ್ಧಪಡಿಸಿದ ಕಟ್ಟುಗಳು ಅನೇಕ. ಅವುಗಳಲ್ಲಿ 1993ರ ಆಗಸ್ಟಿನಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಒಂದು. ಅದು ಯಾವುದೇ ಒಂದು ಕಂಪನಿಯ ಸ್ವತ್ತಲ್ಲ. ಸ್ವಯಂಸೇವಕರು ಅದನ್ನು ನಡೆಸಿಕೊಂಡು ಬಂದಿದ್ದಾರೆ. ಅದಕ್ಕೆ ಶುಲ್ಕವೂ ಇಲ್ಲ. ನಾನು ಈ ಭಾಗದ ಹಲವು ಹಳೆಯ ಗಣಕಗಳಿಗೆ ಹಾಕಿಕೊಟ್ಟಿರುವುದು ಇದನ್ನೇ. ಆದುದರಿಂದ ನನ್ನ ಉದಾಹರಣೆಗಳೂ ಇದರವೇ ಆಗಿರುತ್ತವೆ.

ಸ್ಥಾಪನೆಗೆ ಮುನ್ನ ಮಾಡಬೇಕಾದ ಕೆಲಸಗಳು ಮೂರು. ಯಂತ್ರದಲ್ಲಿರುವ ಕಡತಗಳನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲು ಮಾಡಿ, ಆ ನಕಲು ತೆರೆಯುತ್ತದೆಯೆ ಎಂದು ನೋಡಿಕೊಳ್ಳುವುದು ಮೊದಲನೆಯದು. ಹೊಸ ವ್ಯವಸ್ಥೆ ಡಿಸ್ಕನ್ನು ಅಳಿಸಿಯೇ ಕುಳಿತುಕೊಳ್ಳಬಹುದು. ಅಳಿಸಿದ್ದು ಹಿಂದಿರುಗಿ ಬರುತ್ತದೆಂದು ನಂಬುವಂತಿಲ್ಲ. ಎರಡನೆಯದು, ಯಂತ್ರದ ಯೋಗ್ಯತೆಯನ್ನು ತಿಳಿಯುವುದು. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ನೆಯ ಆವೃತ್ತಿಯಲ್ಲಿ 32 ಬಿಟ್‌ನ ಹಳೆಯ ಪಿಸಿಗಳಿಗೆ ಸ್ಥಾಪನೆಯ ಸೌಲಭ್ಯವಿಲ್ಲ. 64 ಬಿಟ್‌ನ ಸಂಸ್ಕಾರಕ ಬೇಕು. ಸ್ಮೃತಿ, ಅಂದರೆ ರ‍್ಯಾಮ್, 4 ಗಿಗಾಬೈಟ್ ಇದ್ದು, ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ಪರದೆಯನ್ನು ಆರಿಸಿಕೊಂಡರೆ ಪತ್ರ ಬರೆಯುವುದಕ್ಕೂ ಲೆಕ್ಕ ಇಡುವುದಕ್ಕೂ ತೊಡಕಿಲ್ಲ. ಮೂರನೆಯದು, ಪರೀಕ್ಷೆ. ಲಿನಕ್ಸನ್ನು ಪೆನ್ ಡ್ರೈವಿನಲ್ಲಿ ತುಂಬಿ, ಡಿಸ್ಕನ್ನು ಮುಟ್ಟದೆ, ಅಲ್ಲಿಂದಲೇ ಯಂತ್ರವನ್ನು ನಡೆಸಿ ನೋಡುವ ಸೌಕರ್ಯವಿದೆ. ಮುದ್ರಕ, ವೈಫೈ, ಧ್ವನಿ ಇವೆಲ್ಲ ಕೆಲಸ ಮಾಡುತ್ತವೆಯೆ ಎಂದು ಆಗಲೇ ನೋಡಿಬಿಡಬೇಕು. ಕೆಲವು ಮುದ್ರಕಗಳೂ ಡಿಜಿಟಲ್ ಸಹಿಯ ಉಪಕರಣಗಳೂ ವಿಂಡೋಸಿಗೆಂದೇ ತಯಾರಾದವು. ಅವುಗಳನ್ನೇ ನಂಬಿದ ಅಂಗಡಿಯವರು ಒಂದು ಯಂತ್ರವನ್ನಾದರೂ ಹಳೆಯ ರೀತಿಯಲ್ಲಿ ಉಳಿಸಿಕೊಳ್ಳುವುದು ಲೇಸು.

ಇನ್ನು ಸ್ಥಾಪನೆ. ಡೆಬಿಯನ್ನಿನ ಚಿತ್ರರೂಪದ ಸ್ಥಾಪಕ ನಿಮ್ಮನ್ನು ಮೊದಲು ಕೇಳುವುದು ಭಾಷೆಯನ್ನು. ಅಲ್ಲಿನ ಪಟ್ಟಿಯಲ್ಲಿ ಕನ್ನಡವೂ ಇದೆ. ಮುಂದೆ ಅದು ರೂಟ್ ಎಂಬ ಸರ್ವಾಧಿಕಾರಿಯ ಗುಪ್ತಪದವನ್ನು ಕೇಳುತ್ತದೆ. ಆ ಮನೆಯನ್ನು ಖಾಲಿ ಬಿಟ್ಟರೆ, ಮೊದಲ ಬಳಕೆದಾರನಿಗೇ ಅಗತ್ಯ ಬಿದ್ದಾಗ ಸರ್ವಾಧಿಕಾರವನ್ನು ಎರವಲು ಪಡೆಯುವ ಸುಡೊ ಎಂಬ ಅನುಮತಿ ದೊರೆಯುತ್ತದೆ. ಮನೆಯಲ್ಲೊಂದು ಗಣಕ ಇರುವವರಿಗೆ ಇದೇ ಅನುಕೂಲ.

ವ್ಯವಸ್ಥೆ ಕುಳಿತ ಮೇಲೆ ಬೇರೆ ಬೇರೆ ತಂತ್ರಾಂಶಗಳನ್ನು ಎಲ್ಲಿಂದ ತರಬೇಕು? ಲಿನಕ್ಸಿನ ವೈಶಿಷ್ಟ್ಯ ಇರುವುದು ಇಲ್ಲಿಯೇ. ಇದನ್ನು ವಿವರಿಸಲು ನಾನು ಚಿತ್ತಾಪುರದ ಪಕ್ಕದ ನಾಗಾವಿಗೆ ನಿಮ್ಮನ್ನು ಕರೆದೊಯ್ಯುತ್ತೇನೆ. ಚಾಲುಕ್ಯರ ಕಾಲದಲ್ಲಿ ಅಲ್ಲೊಂದು ಘಟಿಕಾಸ್ಥಾನವಿತ್ತು. 1058ರ ಶಾಸನ ಅಲ್ಲಿನ ವಿದ್ಯಾರ್ಥಿಗಳನ್ನೂ ಉಪಾಧ್ಯಾಯರನ್ನೂ ಹೇಳುವುದರ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರನ್ನೂ ಹೇಳುತ್ತದೆ. ಇವರು ಗ್ರಂಥಗಳನ್ನು ಕಾಯುವವರು. ಓದುವವನು ಎಲ್ಲಿಂದಲೋ ಬಂದ ಓಲೆಯನ್ನು ನಂಬಬೇಕಾಗಿರಲಿಲ್ಲ. ಗ್ರಂಥಕ್ಕೊಂದು ನೆಲೆಯಿತ್ತು, ಅದಕ್ಕೆ ಹೊಣೆಯಾದ ಜನರಿದ್ದರು.

ಡೆಬಿಯನ್ನಿನದೂ ಇಂತಹುದೇ ಒಂದು ಭಂಡಾರ. 13ನೆಯ ಆವೃತ್ತಿಯ ಭಂಡಾರದಲ್ಲಿ ಸುಮಾರು 70,000 ಪೊಟ್ಟಣಗಳಿವೆ. ಪ್ರತಿ ಪೊಟ್ಟಣಕ್ಕೂ ಅದನ್ನು ನೋಡಿಕೊಳ್ಳುವ ಹೊಣೆಗಾರರ ಹೆಸರು ಅಂಟಿಕೊಂಡಿರುತ್ತದೆ. ಭಂಡಾರದ ಪಟ್ಟಿಗೆ ನಕಲು ಮಾಡಲಾಗದ ಗಣಿತದ ಮೊಹರು ಬಿದ್ದಿರುತ್ತದೆ. ಪಟ್ಟಿಯಲ್ಲಿ ಪ್ರತಿ ಪೊಟ್ಟಣದ ಬೆರಳಚ್ಚಿನಂತಹ ಸಂಖ್ಯೆ ಇರುತ್ತದೆ. ದಾರಿಯಲ್ಲಿ ಯಾರಾದರೂ ಪೊಟ್ಟಣವನ್ನು ಕೆದಕಿದರೆ ಸಂಖ್ಯೆ ಹೊಂದುವುದಿಲ್ಲ, ಗಣಕ ಅದನ್ನು ಒಳಗೆ ಬಿಡುವುದಿಲ್ಲ. ಯಾವುದೋ ಅಂಗಡಿಯಲ್ಲಿ ಯಾರೋ ಕೊಟ್ಟ, ಬೀಗ ಮುರಿದ ತಂತ್ರಾಂಶವನ್ನು ಹಾಕಿಸಿಕೊಂಡು ಅದರ ಜೊತೆಗೆ ರೋಗವನ್ನೂ ಮನೆಗೆ ತರುವ ಪರಿಪಾಠಕ್ಕೂ ಇದಕ್ಕೂ ಇರುವ ಅಂತರವನ್ನು ನೀವೇ ಊಹಿಸಿಕೊಳ್ಳಿ.

ಭಂಡಾರದಿಂದ ತರಿಸುವ ಆಜ್ಞೆಗಳು ಚಿಕ್ಕವು. ಟರ್ಮಿನಲ್ ಎಂಬ ಕಿಟಕಿಯನ್ನು ತೆರೆದು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ‘ಸುಡೊ ಆಪ್ಟ್ ಅಪ್‌ಡೇಟ್’ ಎಂದು ಬರೆದರೆ ಭಂಡಾರದ ಹೊಸ ಪಟ್ಟಿ ಬರುತ್ತದೆ. ‘ಸುಡೊ ಆಪ್ಟ್ ಇನ್‌ಸ್ಟಾಲ್’ ಎಂದು ಬರೆದು ಪೊಟ್ಟಣದ ಹೆಸರನ್ನು ಸೇರಿಸಿದರೆ ಆ ಪೊಟ್ಟಣ ಬರುತ್ತದೆ. ಒಂದನ್ನು ಕೇಳಿದರೆ ಹತ್ತು ಬಂದವಲ್ಲ ಎಂದು ಹೊಸಬರು ಗಾಬರಿಯಾಗುವುದುಂಟು. ಶಹಾಬಾದಿನ ಪರ್ಸಿಯನ್ನು ನೆಲಕ್ಕೆ ಹಾಸಬೇಕಾದರೆ ಕಲ್ಲೊಂದೇ ಸಾಲದು. ಕೆಳಗೆ ಮರಳಿನ ಹಾಸು ಬೇಕು, ಸಂದಿಗೆ ಸಿಮೆಂಟು ಬೇಕು. ಹಾಗೆಯೇ ಒಂದು ತಂತ್ರಾಂಶ ತನ್ನ ಕೆಳಗೆ ಬೇರೆ ತಂತ್ರಾಂಶಗಳ ಹಾಸನ್ನು ಬೇಡುತ್ತದೆ. ಯಾವುದಕ್ಕೆ ಯಾವುದು ಬೇಕೆಂಬ ಲೆಕ್ಕವನ್ನು ಆಪ್ಟ್ ತಾನೇ ಮಾಡಿ, ಒಮ್ಮೆ ನಿಮ್ಮ ಒಪ್ಪಿಗೆ ಕೇಳಿ ಎಲ್ಲವನ್ನೂ ತರುತ್ತದೆ. ಚಿಂಚೋಳಿ ಪಟ್ಟಣಕ್ಕೆ ರೈಲಿಲ್ಲ. ಅದರಾಚೆಯ ಕಾಡಂಚಿನ ಹಳ್ಳಿಗಳಲ್ಲಿ ಇಂಟರ್‌ನೆಟ್ಟನ್ನೇ ನಂಬಿ ಕೂರುವುದು ಕಷ್ಟ. ಅಂತಹ ಕಡೆಗೆ ಡೆಬಿಯನ್ನಿನ ಡಿವಿಡಿ ಪ್ರತಿಯನ್ನು ಪೆನ್ ಡ್ರೈವಿಗೆ ತುಂಬಿಸಿ ಒಯ್ದರೆ ಜಾಲದ ಹಂಗಿಲ್ಲದೆ ಸ್ಥಾಪನೆ ಮುಗಿಯುತ್ತದೆ.

ಇಲ್ಲಿಯವರೆಗೆ ಆದದ್ದು ಸ್ಥಾಪನೆ. ಯಂತ್ರ ಇನ್ನೂ ಕನ್ನಡ ಕಲಿತಿಲ್ಲ. ಗಣಕದಲ್ಲಿ ಕನ್ನಡವೆಂದರೆ ಮೂರು ಬೇರೆ ಬೇರೆ ಸಂಗತಿಗಳು: ಅಕ್ಷರದ ಸಂಕೇತ, ಅಕ್ಷರದ ರೂಪ ಮತ್ತು ಅಕ್ಷರವನ್ನು ಒತ್ತುವ ಕೀಲಿ. ಇವುಗಳನ್ನು ಬೇರ್ಪಡಿಸಿ ತಿಳಿಯದಿದ್ದರೆ ತೊಡಕು ಎಲ್ಲಿದೆಯೆಂಬುದು ಗೊತ್ತಾಗುವುದಿಲ್ಲ.

ಸಂಕೇತವೆಂದರೆ ಯೂನಿಕೋಡ್. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ 128 ಮನೆಗಳ ಒಂದು ಓಣಿ ಮೀಸಲಾಗಿದೆ. ತೆಲುಗಿಗೆ, ದೇವನಾಗರಿಗೆ, ಉರ್ದುವಿನ ಲಿಪಿಗೆ ಅವುಗಳದೇ ಓಣಿಗಳಿವೆ. ರೂಪವೆಂದರೆ ಫಾಂಟು. ಅರವಿಂದ ವಿ. ಕೆ. ಅವರು ಸಿದ್ಧಪಡಿಸಿ ಮುಕ್ತವಾಗಿ ನೀಡಿದ ಗುಬ್ಬಿ ಮತ್ತು ನವಿಲು ಎಂಬ ಫಾಂಟುಗಳು ಡೆಬಿಯನ್ ಭಂಡಾರದಲ್ಲಿಯೇ ಇವೆ. ಲೋಹಿತ್ ಎಂಬುದೂ ಇದೆ. ‘ಟಾಸ್ಕ್-ಕನ್ನಡ-ಡೆಸ್ಕ್‌ಟಾಪ್’ ಎಂಬ ಪೊಟ್ಟಣವನ್ನು ನಡುವಿನ ಅಡ್ಡಗೆರೆಗಳೊಡನೆ ಹೆಸರಿಸಿ ಕೇಳಿದರೆ ಕನ್ನಡದ ಬಳಕೆಗೆ ಬೇಕಾದ ಸಾಮಗ್ರಿ ಒಟ್ಟಿಗೇ ಬರುತ್ತದೆ.

ಕೀಲಿಯ ವಿಷಯದಲ್ಲಿ ನಮ್ಮ ಡಿಟಿಪಿ ಅಂಗಡಿಯವರು ಹೆದರಬೇಕಾದ್ದಿಲ್ಲ. ಕೆ. ಪಿ. ರಾವ್ ಅವರು ರೂಪಿಸಿದ, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಿಂದ ಮನೆಮಾತಾದ ವಿನ್ಯಾಸವೇ ಲಿನಕ್ಸಿನಲ್ಲಿ ‘ಕಗಪ’ ಎಂಬ ಹೆಸರಿನಿಂದ ದೊರೆಯುತ್ತದೆ. ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್ ಮತ್ತು ಡಬ್ಲ್ಯು ಒತ್ತಿದ ಬೆರಳುಗಳು ಇಲ್ಲಿಯೂ ಅದೇ ಕೀಲಿಗಳನ್ನು ಒತ್ತಿದರಾಯಿತು. ಕೀಲಿಮಣೆಯ ಹೊಂದಿಕೆಯಲ್ಲಿ ಇನ್ನೊಂದು ಸೊಗಸಿದೆ. ವಾಡಿ ಜಂಕ್ಷನ್ನಿನಲ್ಲಿ ಮುಂಬಯಿಯಿಂದ ಮದರಾಸಿಗೆ ಹೋಗುವ ಹಳಿಯನ್ನು ಸಿಕಂದರಾಬಾದಿನ ಹಳಿ ಕೂಡಿಕೊಳ್ಳುತ್ತದೆ. ಈ ಕೂಡುಹಳಿ 1874ರಷ್ಟು ಹಳೆಯದು. ಹಳಿಗಳಂತೆಯೇ ನಮ್ಮ ಸೀಮೆಯಲ್ಲಿ ಕನ್ನಡದೊಡನೆ ಉರ್ದು, ತೆಲುಗು, ಮರಾಠಿಗಳೂ ಕೂಡುತ್ತವೆ. ಈ ನಾಲ್ಕು ಭಾಷೆಗಳ ವಿನ್ಯಾಸಗಳನ್ನೂ ಒಂದೇ ಕೀಲಿಮಣೆಗೆ ಜೋಡಿಸಿ, ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಿ ಒಂದರಿಂದ ಇನ್ನೊಂದಕ್ಕೆ ದಾಟುವಂತೆ ಹೊಂದಿಸಿಕೊಳ್ಳಬಹುದು. ಮದುವೆಯ ಪತ್ರಿಕೆಯೊಂದರಲ್ಲಿ ಬಲದಿಂದ ಎಡಕ್ಕೆ ಉರ್ದುವೂ ಎಡದಿಂದ ಬಲಕ್ಕೆ ಕನ್ನಡವೂ ಒಂದೇ ಪುಟದಲ್ಲಿ ಜಗಳವಿಲ್ಲದೆ ಕೂರುತ್ತವೆ.

ಆದರೆ ಹಳೆಯ ಕಡತಗಳ ಸಮಸ್ಯೆಯನ್ನು ಮರೆಮಾಚಬಾರದು. ಯೂನಿಕೋಡ್ ಬಳಕೆಗೆ ಬರುವ ಮುಂಚಿನ ಪದ್ಧತಿಯಲ್ಲಿ, ಇಂಗ್ಲಿಷ್ ಅಕ್ಷರಗಳಿಗೆಂದು ಇದ್ದ ಮನೆಗಳಲ್ಲಿಯೇ ಕನ್ನಡದ ತುಂಡುಗಳನ್ನು ಕೂರಿಸಲಾಗುತ್ತಿತ್ತು. ಆ ಫಾಂಟು ಇರುವವರೆಗೆ ಕಣ್ಣಿಗೆ ಕನ್ನಡವೇ ಕಾಣುತ್ತದೆ. ಅದಿಲ್ಲದ ಯಂತ್ರದಲ್ಲಿ ತೆರೆದರೆ ‘ಕನ್ನಡ’ ಎಂಬ ಪದದ ಸ್ಥಾನದಲ್ಲಿ ದೊಡ್ಡ ಪಿ, ನೆತ್ತಿಯ ಮೇಲೆ ಗೀಟು ಹೊತ್ತ ಎ, ಪೌಂಡು ನಾಣ್ಯದ ಗುರುತು, ಜರ್ಮನರ ಒಂದು ಅಕ್ಷರ ಇವುಗಳ ಕಲಸುಮೇಲೋಗರ ಎದ್ದು ನಿಲ್ಲುತ್ತದೆ. ಕವಿರಾಜಮಾರ್ಗ ಹುಟ್ಟಿದ ಆಸ್ಥಾನದ ರಾಜಧಾನಿ ಮಳಖೇಡ ಇಂದು ಸೇಡಂ ತಾಲೂಕಿನ ಒಂದು ಊರು. ಹನ್ನೊಂದು ಶತಮಾನಗಳ ಹಿಂದಿನ ಆ ಕೃತಿಯನ್ನು ನಾವು ಇಂದಿಗೂ ಓದುತ್ತೇವೆ. ಇಪ್ಪತ್ತು ವರ್ಷದ ಹಿಂದೆ ಅದೇ ತಾಲೂಕಿನಲ್ಲಿ ಗಣಕಕ್ಕೆ ಇಳಿಸಿದ ಸಂಘದ ನಡಾವಳಿಯನ್ನು ಓದಲಾರೆವು ಎಂದರೆ ಅದು ಸಣ್ಣ ನಷ್ಟವಲ್ಲ.

ಇದಕ್ಕೆ ಉಪಾಯವಿದೆ. ಹಳೆಯ ಸಂಕೇತವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ದೊರೆಯುತ್ತವೆ. ಮೂಲ ಕಡತವನ್ನು ಮುಟ್ಟದೆ ಎತ್ತಿಟ್ಟು ನಕಲನ್ನು ಮಾತ್ರ ಪರಿವರ್ತಿಸಬೇಕು. ನಡುವೆ ಇಂಗ್ಲಿಷ್ ಪದಗಳಿದ್ದರೆ ಅವೂ ಅರ್ಥವಿಲ್ಲದ ಕನ್ನಡವಾಗಿಬಿಡಬಹುದು. ಅರ್ಕಾವತ್ತೂ ಒತ್ತಕ್ಷರಗಳೂ ಸ್ಥಾನ ತಪ್ಪಬಹುದು. ಆದುದರಿಂದ ಒಬ್ಬರು ಮೂಲವನ್ನು ಓದಿ ಹೇಳುತ್ತ ಇನ್ನೊಬ್ಬರು ಹೊಸದನ್ನು ನೋಡುತ್ತ ಹೋಗುವುದು ಒಳ್ಳೆಯದು. ಜನರ ಹೆಸರು, ಊರಿನ ಹೆಸರು, ಸರ್ವೆ ನಂಬರು ಇವುಗಳನ್ನು ಎರಡು ಸಲ ನೋಡಬೇಕು. ಹೆಸರಿನಲ್ಲಿ ತಪ್ಪಿದ ಒಂದು ಒತ್ತು, ಬಡವನೊಬ್ಬನನ್ನು ಕಚೇರಿಯಿಂದ ಕಚೇರಿಗೆ ಅಲೆಸಬಲ್ಲದು.

ಕೊನೆಯದಾಗಿ, ಹೊಂದಿಕೆಯ ನೀತಿಯ ಬಗ್ಗೆ ಎರಡು ಮಾತು. ಲಿನಕ್ಸಿನಲ್ಲಿ ಇಡೀ ಯಂತ್ರಕ್ಕೆ ಅನ್ವಯಿಸುವ ಹೊಂದಿಕೆಗಳು ಬಹುಮಟ್ಟಿಗೆ ‘ಇಟಿಸಿ’ ಎಂಬ ಒಂದೇ ಕೋಶದಲ್ಲಿ, ಕಣ್ಣಿಗೆ ಕಾಣುವ ಸಾದಾ ಬರಹವಾಗಿ ಇರುತ್ತವೆ. ತೆರೆದು ಓದಬಹುದು, ತಿದ್ದಬಹುದು. ತಿದ್ದುವ ಮೊದಲು ಒಂದು ನಕಲನ್ನು ತೆಗೆದಿಡುವುದು ಮಾತ್ರ ಕಡ್ಡಾಯ. ಮುಂದೆ ತಂತ್ರಾಂಶದ ಹೊಸ ಆವೃತ್ತಿ ಬಂದಾಗ, ನೀವು ತಿದ್ದಿದ ಕಡತದ ಮೇಲೆ ಡೆಬಿಯನ್ ತನ್ನದನ್ನು ಸದ್ದಿಲ್ಲದೆ ಹೇರುವುದಿಲ್ಲ. ನಿಮ್ಮದನ್ನು ಉಳಿಸಲೋ ಹೊಸದನ್ನು ಇರಿಸಲೋ ಎಂದು ಕೇಳುತ್ತದೆ. ಎರಡರ ನಡುವಿನ ವ್ಯತ್ಯಾಸವನ್ನು ತೋರಿಸೆಂದರೆ ತೋರಿಸುತ್ತದೆ. ತಂತ್ರಾಂಶವನ್ನು ತೆಗೆಯುವಾಗಲೂ ‘ರಿಮೂವ್’ ಎಂದರೆ ಹೊಂದಿಕೆ ಉಳಿಯುತ್ತದೆ, ‘ಪರ್ಜ್’ ಎಂದರೆ ಅದೂ ಹೋಗುತ್ತದೆ. ಒಡೆಯನನ್ನು ಕೇಳಿ ನಡೆಯುವ ಈ ಸೌಜನ್ಯವೇ ನನಗೆ ಲಿನಕ್ಸಿನಲ್ಲಿ ಎಲ್ಲಕ್ಕಿಂತ ಮೆಚ್ಚಿಕೆಯಾದ ಗುಣ.

ಪರದೆಯ ಮೇಲೆ ಕಾಣುವ ಒಂದೊಂದು ಕನ್ನಡ ಪದವೂ ಯಾರೋ ಒಬ್ಬರು ಬಿಡುವು ಮಾಡಿಕೊಂಡು ಅನುವಾದಿಸಿದ್ದು. ಅವುಗಳಲ್ಲಿ ಕೆಲವು ಬಿಗುವಾಗಿವೆ, ಕೆಲವು ಅಪೂರ್ಣವಾಗಿವೆ. ಅವುಗಳನ್ನು ತಿದ್ದಿ ಕಳಿಸಲು ದೊಡ್ಡ ಪದವಿ ಬೇಕಿಲ್ಲ. ಕನ್ನಡ ಚೆನ್ನಾಗಿ ಬಂದರೆ ಸಾಕು. ಶಾಲೆಯ ಒಂದು ಹಳೆಯ ಗಣಕಕ್ಕೆ ಈ ವ್ಯವಸ್ಥೆಯನ್ನು ಇಳಿಸಿದ ಉಪಾಧ್ಯಾಯರು, ಅದರ ಮುಂದೆ ಕೂರುವ ಮಕ್ಕಳಿಗೆ ಈ ಸಂಗತಿಯನ್ನೂ ತಿಳಿಸಬೇಕೆಂದು ನನ್ನ ಪ್ರಾರ್ಥನೆ. ಭಂಡಾರದಿಂದ ಪಡೆಯುವವರು ಭಂಡಾರಕ್ಕೆ ಏನನ್ನಾದರೂ ಸೇರಿಸಬಹುದು ಎಂಬ ತಿಳಿವಳಿಕೆ ಎಳೆಯ ವಯಸ್ಸಿನಲ್ಲಿಯೇ ಮೂಡಿದರೆ ಅದರ ಫಲ ಗಣಕದಾಚೆಗೂ ದೊರೆಯುತ್ತದೆ.